ಯಾಯೆಯಾಮಾ ದ್ವೀಪಗಳಿಗೆ ಮನೆಮಂದಿಯೊಂದಿಗೆ: ಗಾಳಿ ನೋಡಿ, ಪಂಚಾಂಗ ನೋಡಿ

ಒಕಿನಾವಾದ ರಾಜಧಾನಿ ನಾಹಾದಿಂದ ನೈಋತ್ಯಕ್ಕೆ 400 ಕಿ.ಮೀ.ಗೂ ಆಚೆ ಜಪಾನಿನ ಕೊನೆಯ ತುಂಡುಗಳಂತೆ ಚದುರಿರುವುದೇ ಯಾಯೆಯಾಮಾ ದ್ವೀಪಗಳು. ಟೋಕಿಯೋ ಸುಮಾರು 2,000 ಕಿ.ಮೀ. ದೂರ, ತೈವಾನ್ ಪಕ್ಕದ ಮನೆ. ಇಶಿಗಾಕಿ ಇವುಗಳ ಹೆಬ್ಬಾಗಿಲು. ತಾಕೆತೊಮಿ, ಕೊಹಾಮಾ, ಕುರೊಶಿಮಾ, ಇರಿಯೊಮೊಟೆ, ಹಾತೆರುಮಾ ಅದರ ಸುತ್ತ ಇವೆ, ಯೊನಾಗುನಿ ಒಂಟಿಯಾಗಿ ದೂರದಲ್ಲಿದೆ. ಭೂಗೋಳದ ಲೆಕ್ಕದಲ್ಲಿ ಇವು ಕರ್ಕಾಟಕ ವೃತ್ತಕ್ಕಿಂತ ತುಸು ಉತ್ತರಕ್ಕಿವೆ. ಆದರೂ ಕುರೊಶಿಯೊ ಎಂಬ ಬೆಚ್ಚಗಿನ ಪ್ರವಾಹ ಬದಿಯಲ್ಲೇ ಹರಿಯುವುದರಿಂದ ಹವಳ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಾವು, ಅನಾನಸ್ ಎಲ್ಲವೂ ಇಲ್ಲಿ ಬೆಳೆಯುತ್ತವೆ.

ಇಲ್ಲಿ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕ್ಯೋಟೋದಲ್ಲಿ ಮಾಡಿದಂತೆ "ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ" ಎಂದು ಮೂರು ತಿಂಗಳ ಮೊದಲೇ ಗಂಟೆಗಂಟೆಗೂ ಪಟ್ಟಿ ಹಾಕಿಕೊಂಡು ಬರುತ್ತಾರೆ. ಇಲ್ಲಿ ರೈಲಿಲ್ಲ, ಇರುವುದು ದೋಣಿ. ದೋಣಿಗೆ ಗಾಳಿಯೇ ಯಜಮಾನ, ಈಜಿಗೂ ಕಯಾಕಿಗೂ ಉಬ್ಬರವಿಳಿತವೇ ಗಡಿಯಾರ. ಇವೆರಡನ್ನು ಮೊದಲು ನೋಡಿ, ಊರಿನ ಹೆಸರುಗಳನ್ನು ಆಮೇಲೆ ಹೊಂದಿಸಿ.

ಯಾವ ತಿಂಗಳು

ನಮ್ಮ ಶಾಲೆಗಳ ರಜೆಗೆ ಹೊಂದುವ ಕಿಟಕಿಗಳು ಎರಡು. ಮೊದಲನೆಯದು ಏಪ್ರಿಲ್ ನಡುವಿನಿಂದ 28ರವರೆಗೆ. 29ಕ್ಕೆ ಜಪಾನಿನ ಗೋಲ್ಡನ್ ವೀಕ್ ರಜೆ ಶುರುವಾಗಿ ಮೇ 5ರ ತನಕ ವಿಮಾನ, ಕೋಣೆ ಎಲ್ಲದರ ದರ ಏರುತ್ತದೆ. ಅದು ಮುಗಿಯುತ್ತಿದ್ದಂತೆ, ಸರಾಸರಿ ಮೇ 10ರ ಹೊತ್ತಿಗೆ, ಒಕಿನಾವಾಕ್ಕೆ ಮಳೆಗಾಲ ಬಂದು ಜೂನ್ 20ರ ಆಸುಪಾಸಿನವರೆಗೂ ನಿಲ್ಲುತ್ತದೆ. ಹಾಗಾಗಿ ಬೇಸಿಗೆ ರಜೆ ಎಂದು ಮೇ ಕೊನೆಯ ವಾರ ಹಿಡಿಯಬೇಡಿ. ಎರಡನೆಯ ಕಿಟಕಿ ದಸರಾ ರಜೆ. ಅಕ್ಟೋಬರಿನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಬಿಸಿಲಿನ ಉರಿ ಇಳಿದಿರುತ್ತದೆ, ಚಂಡಮಾರುತ ಕಡಿಮೆಯಾಗಿರುತ್ತದೆ. ಇಲ್ಲವೇ ಇಲ್ಲ ಎಂದಲ್ಲ. ಇವೆರಡರಲ್ಲಿ ದಸರೆಯ ಸಮಯವೇ ಮೇಲು, ಏಕೆಂದರೆ ಏಪ್ರಿಲಿನಲ್ಲಿ ನೀರು ನಮ್ಮ ಕರಾವಳಿಯಷ್ಟು ಬೆಚ್ಚಗಿರುವುದಿಲ್ಲ. ಮಕ್ಕಳು ಅರ್ಧ ಗಂಟೆಗೇ ಹಲ್ಲು ಕಟಕಟಿಸತೊಡಗುತ್ತಾರೆ. ಏಪ್ರಿಲಿನಲ್ಲಿ ಹೋಗುವುದಾದರೆ ಮಕ್ಕಳಿಗೆ 3 ಮಿ.ಮೀ. ದಪ್ಪದ ವೆಟ್‌ಸೂಟ್ ಬಾಡಿಗೆಗೆ ತೆಗೆದುಕೊಳ್ಳಿ.

ಜುಲೈನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ, ಆಗಸ್ಟ್ ಅದರ ನಡುಹೊತ್ತು. ಒಂದು ಚಂಡಮಾರುತ ಹತ್ತಿರ ಸುಳಿದರೆ ಎರಡು ಮೂರು ದಿನ ದೋಣಿ, ವಿಮಾನ ಎರಡೂ ನಿಲ್ಲುತ್ತವೆ. ಮುನ್ಸೂಚನೆ ಬಂದ ದಿನವೇ ಅಂಗಡಿಗಳಲ್ಲಿ ಬ್ರೆಡ್ಡು, ಹಾಲು, ನೀರು ಖಾಲಿಯಾಗುವುದರಿಂದ ಸಂಜೆಯವರೆಗೆ ಕಾಯದೆ ಬೆಳಿಗ್ಗೆಯೇ ಕೊಂಡಿಡಿ. ಕೋಣೆ ಮುಂದುವರಿಸಲು ಆಗುತ್ತದೆಯೇ ಎಂದು ಅಂದೇ ಕೇಳಿ. ವಿಮಾನ ಸಂಸ್ಥೆಗಳು ಇಂಥ ಹೊತ್ತಿನಲ್ಲಿ ದಂಡವಿಲ್ಲದೆ ದಿನ ಬದಲಿಸಿಕೊಡುತ್ತವೆ. ಆದರೆ ಬೇರೆಯಾಗಿ ಕೊಂಡ ಅಂತರರಾಷ್ಟ್ರೀಯ ಟಿಕೆಟ್ಟಿಗೆ ಅವರು ಹೊಣೆಯಲ್ಲ. ಅದಕ್ಕೇ ಎರಡು ಕಟ್ಟುಪಾಡು ಹಾಕಿಕೊಳ್ಳಿ: ಕೊನೆಯ ರಾತ್ರಿ ಸಣ್ಣ ದ್ವೀಪದಲ್ಲಿ ಬೇಡ, ಇಶಿಗಾಕಿಯಲ್ಲೇ ಇರಲಿ, ಇಶಿಗಾಕಿಯಿಂದ ಹೊರಟ ದಿನವೇ ಭಾರತದ ವಿಮಾನ ಹಿಡಿಯುವ ಹಟ ಬೇಡ, ನಡುವೆ ಟೋಕಿಯೋದಲ್ಲಿ ಒಂದು ರಾತ್ರಿ ಬಿಡಿ.

ತಲುಪುವುದು

ಬೆಂಗಳೂರಿನಿಂದ ಟೋಕಿಯೋದ ನಾರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಇಶಿಗಾಕಿಗೆ ನೇರ ವಿಮಾನಗಳು ಹೆಚ್ಚಾಗಿ ಹಾನೆದಾದಿಂದ ಹೊರಡುತ್ತವೆ, ಮೂರು ಗಂಟೆಗೆ ತುಸು ಹೆಚ್ಚಿನ ಹಾರಾಟ. ನಾರಿತಾದಿಂದ ಹಾನೆದಾಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ನಾಹಾದಲ್ಲಿ ವಿಮಾನ ಬದಲಿಸಿದರೆ ಅಲ್ಲಿಂದ ಇಶಿಗಾಕಿಗೆ ಸುಮಾರು ಒಂದು ಗಂಟೆ.

ಭಾರತದಲ್ಲಿ ವಾಸವಿರುವ ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಪ್ರವಾಸಿ ಇ-ವೀಸಾ ಸಿಗುತ್ತಿದೆ. ಇದರಲ್ಲಿ ಹಲವರು ಎಡವುವ ಒಂದು ಅಂಶವಿದೆ. ವಿಮಾನ ನಿಲ್ದಾಣದಲ್ಲಿ ಇ-ವೀಸಾವನ್ನು ಫೋನಿನಲ್ಲಿ ಇಂಟರ್ನೆಟ್ ಮೂಲಕವೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಮುದ್ರಿಸಿದ ಹಾಳೆ ಒಪ್ಪುವುದಿಲ್ಲ. ಇಳಿದ ಕೂಡಲೇ ಇಂಟರ್ನೆಟ್ ಸಿಗುವ ವ್ಯವಸ್ಥೆ ಮೊದಲೇ ಇರಲಿ, ಮನೆಯ ಎಲ್ಲರ ವೀಸಾವೂ ಒಬ್ಬರ ಫೋನಿನಲ್ಲೇ ಸಿಕ್ಕಿಹಾಕಿಕೊಳ್ಳದಿರಲಿ.

ಇಶಿಗಾಕಿಯ ಈಗಿನ ವಿಮಾನ ನಿಲ್ದಾಣ 2013ರ ಮಾರ್ಚ್‌ನಲ್ಲಿ ತೆರೆಯಿತು. ಮೊದಲ ಯೋಜನೆಯಂತೆ ಅದು ಶಿರಾಹೊ ಊರಿನ ಮುಂದಿನ ಹವಳದಿಬ್ಬದ ಮೇಲೆ ಬರಬೇಕಿತ್ತು. ಊರವರ ಮತ್ತು ಪರಿಸರವಾದಿಗಳ ದೀರ್ಘ ವಿರೋಧದಿಂದ ಜಾಗ ನೆಲದ ಕಡೆಗೆ ಸರಿಯಿತು. ಆದ್ದರಿಂದಲೇ ಶಿರಾಹೊದ ಅಪರೂಪದ ನೀಲಿ ಹವಳ ಇಂದೂ ನೋಡಲು ಸಿಗುತ್ತದೆ.

ದೋಣಿ

ಇಶಿಗಾಕಿ ಪೇಟೆಯ ನಡುವಿರುವ ರಿತೋ ಟರ್ಮಿನಲ್‌ನಿಂದಲೇ ಯೊನಾಗುನಿಯೊಂದನ್ನು ಬಿಟ್ಟು ಮೇಲೆ ಹೇಳಿದ ದ್ವೀಪಗಳಿಗೆಲ್ಲ ವೇಗದ ದೋಣಿಗಳು ಹೊರಡುತ್ತವೆ. ತಾಕೆತೊಮಿಗೆ 10ರಿಂದ 15 ನಿಮಿಷ, ಕೊಹಾಮಾ ಮತ್ತು ಕುರೊಶಿಮಾಕ್ಕೆ ಅರ್ಧ ಗಂಟೆ, ಇರಿಯೊಮೊಟೆಗೆ 40ರಿಂದ 50 ನಿಮಿಷ, ಹಾತೆರುಮಾಕ್ಕೆ ಒಂದು ಗಂಟೆಗೂ ಹೆಚ್ಚು. ಯಾಯೆಯಾಮಾ ಕಾಂಕೊ ಮತ್ತು ಆನೆಯ್ ಕಾಂಕೊ ಎಂಬ ಎರಡು ಸಂಸ್ಥೆಗಳ ದೋಣಿಗಳಿವೆ. ನಿಮ್ಮ ಟಿಕೆಟ್ ಯಾವುದರದ್ದು, ಇನ್ನೊಂದರಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಬೆಳಿಗ್ಗೆ ಏಳರ ಹೊತ್ತಿಗೆ ಎರಡೂ ಸಂಸ್ಥೆಗಳ ಪುಟದಲ್ಲಿ ಆ ದಿನದ ಸ್ಥಿತಿ ನೋಡುವುದು ಅಭ್ಯಾಸವಾಗಲಿ. "ಕೆಕ್ಕೋ" ಎಂದರೆ ರದ್ದು. "ಜೋಕೆನ್‌ತ್ಸುಕಿ" ಎಂದರೆ ಷರತ್ತಿನ ಮೇಲೆ, ಅಂದರೆ ದೋಣಿ ಹೊರಟರೂ ಸಂಜೆ ಮರಳುವ ಭರವಸೆಯಿಲ್ಲ. ಮಕ್ಕಳನ್ನು ಕರೆದುಕೊಂಡು ಷರತ್ತಿನ ದೋಣಿ ಹತ್ತಬೇಡಿ.

ಇರಿಯೊಮೊಟೆಗೆ ಎರಡು ಬಂದರು. ಆಗ್ನೇಯಕ್ಕೆ ಓಹಾರಾ, ಉತ್ತರಕ್ಕೆ ಉಯೆಹಾರಾ. ಅಕ್ಟೋಬರ್ ಕೊನೆಯಿಂದ ಚಳಿಗಾಲವಿಡೀ ಬೀಸುವ ಉತ್ತರದ ಗಾಳಿಗೆ ಉಯೆಹಾರಾ ದಾರಿ ಮೇಲಿಂದ ಮೇಲೆ ನಿಲ್ಲುತ್ತದೆ. ಆಗ ಓಹಾರಾದಲ್ಲಿ ಇಳಿದರೆ ಉಯೆಹಾರಾಕ್ಕೆ ದೋಣಿ ಸಂಸ್ಥೆಯದೇ ಉಚಿತ ಬಸ್ಸಿರುತ್ತದೆ. ಇದು ಗೊತ್ತಿಲ್ಲದೆ ಟರ್ಮಿನಲ್‌ನಿಂದಲೇ ಹಿಂತಿರುಗುವವರಿದ್ದಾರೆ. ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ವೇಗದ ದೋಣಿಯ ಮೂತಿ ಅಲೆಯ ಮೇಲೆ ಕುಕ್ಕುತ್ತಾ ಹೋಗುವುದರಿಂದ ಮುಂದಿನ ಸಾಲುಗಳಲ್ಲಿ ಬೆನ್ನಿಗೂ ಹೊಟ್ಟೆಗೂ ಕಷ್ಟ. ವಯಸ್ಸಾದವರನ್ನೂ ಮಕ್ಕಳನ್ನೂ ಹಿಂಬದಿಯಲ್ಲಿ ಕೂರಿಸಿ. ವಾಂತಿಯ ಮಾತ್ರೆ ಹೊರಡುವ ಅರ್ಧ ಗಂಟೆ ಮೊದಲೇ ಒಳಗೆ ಹೋಗಿರಬೇಕು, ದೋಣಿ ಹೊರಟ ಮೇಲೆ ನುಂಗಿ ಉಪಯೋಗವಿಲ್ಲ. ತಾಕೆತೊಮಿ ದಾರಿ ಹವಳದ ತಡೆಯೊಳಗೆ ಇರುವುದರಿಂದ ಶಾಂತ. ಹಾತೆರುಮಾದ್ದು ತೆರೆದ ಸಮುದ್ರ, ಸಣ್ಣ ಮಕ್ಕಳಿದ್ದರೆ ಅದನ್ನು ಬಿಟ್ಟುಬಿಡಿ. ದೊಡ್ಡ ಪೆಟ್ಟಿಗೆಗಳನ್ನು ಇಶಿಗಾಕಿಯ ಹೋಟೆಲಿನಲ್ಲೇ ಇಟ್ಟು, ಎರಡು ದಿನದ ಬಟ್ಟೆಯಷ್ಟನ್ನೇ ಬೆನ್ನಿಗೆ ಹಾಕಿಕೊಂಡು ದ್ವೀಪಗಳಿಗೆ ಹೋಗಿ.

ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿ

ನಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕುಂದಾಪುರ, ಹೊನ್ನಾವರದ ಮೀನುಗಾರರಿಗೆ ಹೇಳಿಕೊಡಬೇಕಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ಮರುದಿನ ಮೂರನೆಯ ದಿನ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು. ಇಶಿಗಾಕಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದಿನಗಳಲ್ಲಿ ನೀರು ಏರುವುದು ಬೆಳಿಗ್ಗೆ ಮತ್ತು ಸಂಜೆ ಏಳರ ಹೊತ್ತಿಗೆ, ತಳ ಕಾಣುವುದು ಮಧ್ಯಾಹ್ನ ಒಂದರ ಹೊತ್ತಿಗೆ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ನಿಖರವಾದ ಗಂಟೆಯನ್ನು ಜಪಾನಿನ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ನೋಡಿಕೊಳ್ಳಬಹುದು, ಯೋಜನೆಗೆ ಇಷ್ಟು ಸಾಕು.

ಇದರಿಂದ ಏನೇನು ಬದಲಾಗುತ್ತದೆ? ತಾಕೆತೊಮಿಯ ಕೊಂಡೊಯ್ ಕಡಲತೀರ ಅಮಾವಾಸ್ಯೆಯ ಮಧ್ಯಾಹ್ನ ನೂರಾರು ಮೀಟರ್ ಬತ್ತಿ, ನೀರು ಮೊಣಕಾಲಿಗೂ ಬರುವುದಿಲ್ಲ. ಪುಟ್ಟ ಮಕ್ಕಳ ಆಟಕ್ಕೆ ಹೇಳಿ ಮಾಡಿಸಿದ್ದು, ಈಜಲು ಬಂದವರಿಗೆ ನಿರಾಸೆ. ಕೊಹಾಮಾದ ಪಕ್ಕ ಇಳಿತದಲ್ಲಷ್ಟೇ ತಲೆಯೆತ್ತುವ ಅರ್ಧಚಂದ್ರಾಕಾರದ ಮರಳದಿಬ್ಬವೊಂದಿದೆ, ಅದಕ್ಕೆ ಹೋಗಲು ಇದೇ ಸಮಯ. ಇಶಿಗಾಕಿಯ ಕಾಬಿರಾ ಕೊಲ್ಲಿಯ ಹಸಿರು ನೀಲಿ ಬಣ್ಣ ಮಾತ್ರ ನೀರು ತುಂಬಿದಾಗಲೇ ಚೆನ್ನ, ಜೊತೆಗೆ ಸೂರ್ಯ ಮೇಲಿರಬೇಕು. ಅಂದರೆ ಅಷ್ಟಮಿಯ ಹತ್ತಿರದ ಮಧ್ಯಾಹ್ನಗಳು. ಇರಿಯೊಮೊಟೆಯ ಕಾಂಡ್ಲಾ ಹೊಳೆಗಳಲ್ಲಿ ಕಯಾಕ್ ಇಳಿತಕ್ಕೆ ಸಿಕ್ಕರೆ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಗೈಡ್ ಬೆಳಿಗ್ಗೆ ಆರೂವರೆಗೆ ಹೊರಡೋಣ ಎಂದರೆ ಅದು ಅವರ ಅನುಕೂಲಕ್ಕಲ್ಲ, ನೀರಿನ ಲೆಕ್ಕ.

ನೀರಿಗಿಳಿಯುವ ಮೊದಲು

ಕಾಬಿರಾ ಕೊಲ್ಲಿಯಲ್ಲಿ ಈಜು ನಿಷಿದ್ಧ. ನೀರಿನ ಸೆಳೆತ ಬಲವಾಗಿದೆ, ದೋಣಿಗಳ ಓಡಾಟವಿದೆ, ಕಪ್ಪು ಮುತ್ತಿನ ಸಾಕಣೆಯೂ ಇದೆ. ಅಲ್ಲಿ ಗಾಜಿನ ತಳದ ದೋಣಿ ಹತ್ತಿ, ಅರ್ಧ ಗಂಟೆಯಲ್ಲಿ ಹವಳವನ್ನೂ ಮೀನುಗಳನ್ನೂ ಅಜ್ಜಿ ಮೊಮ್ಮಕ್ಕಳು ಸೇರಿ ನೋಡಬಹುದು. ತಾಕೆತೊಮಿಯ ಕಾಯ್‌ಜಿ ತೀರದಲ್ಲೂ ಸೆಳೆತದಿಂದಾಗಿ ಈಜುವಂತಿಲ್ಲ.

ಸ್ನಾರ್ಕೆಲ್‌ಗೆ ಹೆಸರಾದ ಇಶಿಗಾಕಿಯ ಯೊನೆಹಾರಾದಲ್ಲಿ ಹವಳ ದಡದ ಹತ್ತಿರವೇ ಇದೆ. ಅಪಾಯವೂ ಅಲ್ಲೇ ಇದೆ. ಅಲೆಗಳು ಹವಳದ ಗೋಡೆಯ ಮೇಲಿಂದ ಒಳಗೆ ಸುರಿಸಿದ ನೀರು ಹೊರಗೆ ಹೋಗಲೇಬೇಕಲ್ಲ, ಅದು ಗೋಡೆಯ ಕಿಂಡಿಗಳನ್ನು ಹುಡುಕಿ ಹರಿಯುತ್ತದೆ. ಇಳಿತ ಶುರುವಾದ ಮೇಲೆ ಆ ಕಿಂಡಿಗಳಲ್ಲಿ ನೀರು ಹೊಳೆಯಂತೆ ಓಡಿ, ಮುಖ ಕೆಳಗೆ ಮಾಡಿ ತೇಲುತ್ತಿರುವವರನ್ನು ಗೊತ್ತಾಗದಂತೆ ಹೊರಸಮುದ್ರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದರೆ ದಡದತ್ತ ನೇರ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಈಜು ಬರಲಿ ಬಿಡಲಿ, ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಒಬ್ಬ ದೊಡ್ಡವರು ದಡದಲ್ಲೇ ನಿಂತಿರಲಿ. ಸಮುದ್ರದ ಅವಘಡಕ್ಕೆ ಕರೆ ಮಾಡಬೇಕಾದ್ದು 118, ಆಂಬುಲೆನ್ಸಿಗೆ 119.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಬು ಕುರಾಗೆ ಎಂಬ ವಿಷದ ಲೋಳೆಮೀನು ದಡದ ಹತ್ತಿರವೇ ಇರುತ್ತದೆ. ಪಾರದರ್ಶಕವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಬಲೆ ಕಟ್ಟಿರುವ ತೀರಗಳಲ್ಲಿ ಬಲೆಯೊಳಗೇ ಇರಿ. ಕುಟುಕಿದರೆ ಉಜ್ಜಬೇಡಿ, ಮರಳು ಹಚ್ಚಬೇಡಿ, ಸಿಹಿನೀರು ಹಾಕಬೇಡಿ. ಧಾರಾಳ ವಿನೆಗರ್ ಸುರಿದು, ಎಳೆಗಳನ್ನು ಮೆಲ್ಲಗೆ ತೆಗೆದು, ಮಂಜುಗಡ್ಡೆ ಇಟ್ಟು ಆಸ್ಪತ್ರೆಗೆ ಹೋಗಿ. ಅರ್ಧ ಲೀಟರ್ ವಿನೆಗರ್ ಅಂಗಡಿಯಲ್ಲಿ ಕೊಂಡು ಚೀಲದಲ್ಲಿಡಿ, ಅಲ್ಲಿ ಅದನ್ನು "ಸು" ಎನ್ನುತ್ತಾರೆ. ಕಲ್ಲುಮೀನು, ಸಿಂಹಮೀನಿನ ಮುಳ್ಳಿಗೆ ಮದ್ದು ಬೇರೆ: 40ರಿಂದ 45 ಡಿಗ್ರಿಯ ಬಿಸಿನೀರಿನಲ್ಲಿ ಆ ಭಾಗ ಮುಳುಗಿಸಿ, ವೈದ್ಯರಲ್ಲಿಗೆ ಹೊರಡಿ. ದಪ್ಪ ಅಟ್ಟೆಯ ನೀರಿನ ಬೂಟು ಕಡ್ಡಾಯ. ಚೆಂದದ ಶಂಕುವಿನಾಕಾರದ ಚಿಪ್ಪು ಕಂಡರೆ ಮುಟ್ಟಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿ, ಅದರೊಳಗಿನ ಜೀವಿಯ ವಿಷಕ್ಕೆ ಪ್ರತಿಮದ್ದಿಲ್ಲ.

ಇಶಿಗಾಕಿ ಮತ್ತು ಇರಿಯೊಮೊಟೆಯ ನಡುವಿನ ಸೆಕಿಸೆಯ್ ಲಗೂನ್ ಜಪಾನಿನ ಅತಿ ದೊಡ್ಡ ಹವಳಪ್ರದೇಶ. 2016ರ ಬಿಸಿ ಸಮುದ್ರಕ್ಕೆ ಅಲ್ಲಿನ ಹವಳದಲ್ಲಿ ಶೇ. 90ಕ್ಕೂ ಹೆಚ್ಚು ಬಿಳಚಿಕೊಂಡಿತು, ಬಹುಪಾಲು ಸತ್ತಿತು. ಉಳಿದು ಚಿಗುರುತ್ತಿರುವುದರ ಮೇಲೆ ಕಾಲಿಡಬೇಡಿ. ಬಿಸಿಲಿಗೆ ಕ್ರೀಮಿಗಿಂತ ಉದ್ದ ತೋಳಿನ ಈಜುಡುಗೆ ಲೇಸು, ಚರ್ಮಕ್ಕೂ ಹವಳಕ್ಕೂ.

ತಾಕೆತೊಮಿ

ಸುಮಾರು 5.4 ಚ.ಕಿ.ಮೀ.ಯ ಚಪ್ಪಟೆ ದ್ವೀಪ. ಬಿಳಿ ಹವಳದ ಮರಳಿನ ಬೀದಿ, ಗಾರೆಯಿಲ್ಲದೆ ಪೇರಿಸಿದ ಹವಳಗಲ್ಲಿನ ಗೋಡೆ, ಕೆಂಪು ಹೆಂಚಿನ ಮನೆ, ಹೆಂಚಿನ ಮೇಲೆ ಕಾವಲಿಗೆ ಶೀಸಾ ಎಂಬ ಸಿಂಹದ ಗೊಂಬೆ. 1986ರಲ್ಲಿ ಊರವರು ತಮಗೆ ತಾವೇ ಒಂದು ಸನ್ನದು ಬರೆದುಕೊಂಡರು: ಮಾರಬಾರದು, ಮಲಿನ ಮಾಡಬಾರದು, ಕದಡಬಾರದು, ಕೆಡಿಸಬಾರದು, ಇದ್ದದ್ದನ್ನು ಬಾಳಿಸಬೇಕು. ಮರುವರ್ಷ ಊರು ಸಂರಕ್ಷಿತ ಪ್ರದೇಶವಾಯಿತು. ಈಜುಡುಗೆಯಲ್ಲಿ ಊರೊಳಗೆ ಓಡಾಡುವುದು, ಗೋಡೆ ಹತ್ತುವುದು, ಅಂಗಳಕ್ಕೆ ನುಗ್ಗಿ ಫೋಟೋ ತೆಗೆಯುವುದು ಸಲ್ಲದು. 300 ಯೆನ್ ಐಚ್ಛಿಕ ಪ್ರವೇಶ ಶುಲ್ಕ ಭೂಮಿ ಉಳಿಸಿಕೊಳ್ಳಲು ಹೋಗುತ್ತದೆ, ಖಂಡಿತ ಕೊಡಿ.

ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಹತ್ತು ಗಂಟೆಯ ಮೇಲೆ ಎಮ್ಮೆ ಗಾಡಿಗೆ ಸಾಲು ಬೆಳೆಯುತ್ತದೆ. ಈ ಎಮ್ಮೆಗಳ ಪೂರ್ವಜರು 1930ರ ದಶಕದಲ್ಲಿ ತೈವಾನಿನಿಂದ ವಲಸೆ ಬಂದ ರೈತರೊಂದಿಗೆ ಬಂದವು. ಉಳಿದ ಓಡಾಟ ಬಾಡಿಗೆ ಸೈಕಲ್ಲಿನಲ್ಲಿ. ಮೆತ್ತನೆಯ ಮರಳಿನ ತಿರುವಿನಲ್ಲಿ ಮುಂದಿನ ಗಾಲಿ ಜಾರುತ್ತದೆ, ಅಲ್ಲಿ ಇಳಿದು ತಳ್ಳಿ. ಕಾಯ್‌ಜಿಯ ಮರಳಿಗೆ ಅಂಗೈ ಒತ್ತಿ ನೋಡಿದರೆ ನಕ್ಷತ್ರದಾಕಾರದ ಕಣಗಳು ಅಂಟಿರುತ್ತವೆ. ಅವು ಏಕಕೋಶ ಜೀವಿಗಳ ಚಿಪ್ಪು. ನೋಡಿ ಮರಳಿಗೇ ಬಿಡಿ. ಊರಲ್ಲಿ ಕನ್ವೀನಿಯನ್ಸ್ ಸ್ಟೋರ್ ಇಲ್ಲ, ನೀರು ಮತ್ತು ಬುತ್ತಿ ಇಶಿಗಾಕಿಯಿಂದಲೇ ತನ್ನಿ.

ಇರಿಯೊಮೊಟೆ

ಇಲ್ಲಿಗೆ ಕನಿಷ್ಠ ಎರಡು ರಾತ್ರಿ ಕೊಡಿ. 289 ಚ.ಕಿ.ಮೀ.ಯಲ್ಲಿ ಸುಮಾರು ಶೇ. 90 ಕಾಡು. 2021ರ ಜುಲೈನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ರಸ್ತೆ ದ್ವೀಪವನ್ನು ಪೂರ್ತಿ ಸುತ್ತುವುದಿಲ್ಲ, ಪಶ್ಚಿಮದ ಶಿರಾಹಾಮಾದಲ್ಲಿ ಮುಗಿಯುತ್ತದೆ. ಇಲ್ಲಿ ಮಾತ್ರ ಬದುಕುವ ಇರಿಯೊಮೊಟೆ ಕಾಡುಬೆಕ್ಕು ಸುಮಾರು ನೂರಷ್ಟೇ ಉಳಿದಿದೆ, ಅದರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ವಾಹನ. ಗಂಟೆಗೆ 40 ಕಿ.ಮೀ. ಮಿತಿಯನ್ನು ಮೀರಬೇಡಿ. ಕತ್ತಲಾದ ಮೇಲೆ ಕಾರು ತೆಗೆಯದಿರುವುದೇ ಒಳ್ಳೆಯದು.

ಕಾಂಡ್ಲಾ ನೋಡಲು ಉರಾಉಚಿ ಹೊಳೆಯ ದೋಣಿ ಹತ್ತಿ. ಸುಮಾರು 8 ಕಿ.ಮೀ. ಒಳಗೆ ಇಳಿಸುತ್ತದೆ, ಅಲ್ಲಿಂದ ಮಾರಿಯುದು ಜಲಪಾತದ ನೋಟಕ್ಕೆ ಕಾಡುದಾರಿಯಲ್ಲಿ ಮುಕ್ಕಾಲು ಗಂಟೆ. ಬೇರುಗಳು ಒದ್ದೆಯಾಗಿ ಜಾರುವುದರಿಂದ ಚಪ್ಪಲಿ ಬೇಡ. ಮರಳುವ ದೋಣಿಯ ಸಮಯ ಕೇಳಿಕೊಂಡೇ ನಡೆಯಿರಿ. ಇಲ್ಲಿನ ಮೂರು ಮುಖ್ಯ ಕಾಂಡ್ಲಾಗಳನ್ನು ಮಕ್ಕಳೇ ಗುರುತಿಸಬಹುದು: ಊರುಗೋಲಿನಂಥ ಬೇರಿನದು ಯಾಯೆಯಾಮಾ ಹಿರುಗಿ, ಮಡಿಸಿದ ಮೊಣಕಾಲಿನಂಥ ಬೇರಿನದು ಓಹಿರುಗಿ, ಮೂರನೆಯದು ಮೆಹಿರುಗಿ. ಈ ಮೆಹಿರುಗಿಯ ಕುಲದ ವೈಜ್ಞಾನಿಕ ಹೆಸರು ಕ್ಯಾಂಡೇಲಿಯಾ, ಮಲಯಾಳಂನ ಕಂಡಲ್ ಎಂಬ ಮಾತಿನಿಂದ ಬಂದದ್ದು, ನಮ್ಮ ಕರಾವಳಿಯ ಕಾಂಡ್ಲಾದ ಬಳಗ. ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ತೂಗುತ್ತದೆ, ಕೆಸರಿಗೆ ಬಿದ್ದು ನೆಡುತ್ತದೆ. ದಡದ ಮುಳ್ಳಿನ ಪೊದೆ ಆದಾನ್ ನಮ್ಮ ಕೇದಗೆಯ ಸೋದರ.

55 ಮೀಟರಿನ ಪಿನಾಯ್‌ಸಾರಾ ಒಕಿನಾವಾದ ಅತಿ ಎತ್ತರದ ಜಲಪಾತ. ಅಲ್ಲಿಗೆ ದಿನಕ್ಕಿಷ್ಟೇ ಜನ ಎಂಬ ಮಿತಿ 2025ರಿಂದ ಬಂದಿದೆ. ತಾಕೆತೊಮಿ ಪುರಸಭೆಯ (ಇರಿಯೊಮೊಟೆಯೂ ಅದರ ಆಡಳಿತಕ್ಕೇ ಸೇರಿದೆ) ಪರವಾನಗಿ ಇರುವ ಗೈಡ್ ಮೂಲಕ ಮುಂಚಿತವಾಗಿ ಗೊತ್ತುಮಾಡಿ. ಪರವಾನಗಿಯಿಲ್ಲದ ಅಗ್ಗದ ಪ್ರವಾಸ ಕೊಳ್ಳಬೇಡಿ. ಕಯಾಕ್ ಮತ್ತು ಏರುದಾರಿ ಎರಡೂ ಇರುವುದರಿಂದ ಎಷ್ಟು ವಯಸ್ಸಿನ ಮಕ್ಕಳನ್ನು ಒಯ್ಯುತ್ತಾರೆ ಎಂದು ಕೇಳಿ. ಪುಟ್ಟವರಿದ್ದರೆ ಯುಬು ದ್ವೀಪಕ್ಕೆ ಹೋಗಿ, 400 ಮೀಟರ್ ಆಳವಿಲ್ಲದ ಸಮುದ್ರವನ್ನು ಎಮ್ಮೆ ಗಾಡಿ ದಾಟಿಸುತ್ತದೆ. ದಕ್ಷಿಣ ಶಿಲುಬೆ ನಕ್ಷತ್ರಪುಂಜ ತೋರಿಸುವ ರಾತ್ರಿ ಪ್ರವಾಸಗಳಿಗೆ ಅದೊಂದಕ್ಕಾಗಿ ಹಣ ಹಾಕಬೇಡಿ. ಅದು ಇಲ್ಲಿ ದಿಗಂತಕ್ಕೆ ಅಂಟಿಕೊಂಡಿರುತ್ತದೆ, ಕರ್ನಾಟಕದಿಂದ ಇನ್ನೂ ಮೇಲೆ ಕಾಣುತ್ತದೆ. ಹಾಲುಹಾದಿಗಾಗಿ ಹೋಗುವುದಾದರೆ ಬೇರೆ ಮಾತು.

ಊಟ

ಸಸ್ಯಾಹಾರಿಗಳಿಗೆ ಅತಿ ಕಷ್ಟದ ಭಾಗ ಇದು. ಒಕಿನಾವಾ ಅಡುಗೆಯಲ್ಲಿ ಹಂದಿಮಾಂಸ ಮತ್ತು ಕತ್ಸುಒ ಮೀನಿನ ಸಾರು ಎಲ್ಲೆಲ್ಲೂ ಇವೆ. ಹಾಗಲಕಾಯಿಯ ಗೋಯಾ ಚಂಪುರು ಹೆಸರು ಕೇಳಿ ಆಸೆಪಟ್ಟರೆ ಅದರಲ್ಲೂ ಹಂದಿ, ಮೊಟ್ಟೆ, ಮೇಲೆ ಮೀನಿನ ಹೆರಕಲು. ತರಕಾರಿ ಮಾತ್ರ ಎಂದರೆ ಸಾಲದು, ಸಾರನ್ನೂ ಹೆಸರಿಸಬೇಕು: "ನಿಕು ಮೊ ಸಕಾನಾ ಮೊ ತಬೆಮಾಸೆನ್, ಕತ್ಸುಒ ದಾಶಿ ಮೊ ದಾಮೆ ದೆಸು." ಅಂದರೆ ಮಾಂಸ, ಮೀನು ಎರಡೂ ತಿನ್ನುವುದಿಲ್ಲ, ಕತ್ಸುಒ ಸಾರೂ ಆಗದು.

ಆದ್ದರಿಂದ ಇಶಿಗಾಕಿಯಲ್ಲಿ ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ಯುರಾತಿಕು ಎಂಬ ರೈತರ ಮಾರುಕಟ್ಟೆಯಲ್ಲಿ ಹಾಗಲ, ಬೆಂಡೆ, ಪಪ್ಪಾಯಿ ಕಾಯಿ, "ನಾಬೇರಾ" ಎಂಬ ತುಪ್ಪದ ಹೀರೆ, ಗಟ್ಟಿಯಾದ ದ್ವೀಪದ ತೋಫು ಸಿಗುತ್ತವೆ. ಈ ತೋಫು ಪನ್ನೀರಿನಂತೆ ಒಗ್ಗರಣೆಗೆ ನಿಲ್ಲುತ್ತದೆ. ಅಲ್ಲಿನ ಅಂಟಕ್ಕಿಯನ್ನು ಮೂರು ಸಲ ತೊಳೆದು, ಒಂದು ಲೋಟಕ್ಕೆ ಒಂದೂಕಾಲು ಲೋಟ ನೀರಿಟ್ಟರೆ ಅನ್ನ, ಎರಡಿಟ್ಟರೆ ಮೊಸರನ್ನಕ್ಕೆ ಸರಿ. ಮೊಸರು ಕೊಳ್ಳುವಾಗ "ಪ್ಲೇನ್" ಎಂದೇ ಕೇಳಿ. "ಕೊಕುತೋ" ಎಂದರೆ ನಮ್ಮ ಬೆಲ್ಲವೇ, ಹಾತೆರುಮಾ ಮತ್ತು ಕೊಹಾಮಾದಲ್ಲೂ ಮಾಡುತ್ತಾರೆ. "ಪಿಪಾಚಿ" ಎಂಬ ಸ್ಥಳೀಯ ಮಸಾಲೆ ಹಿಪ್ಪಲಿಯ ಹತ್ತಿರದ ನೆಂಟ, ಸಾರಿಗೆ ಚೆನ್ನಾಗಿ ಹೊಂದುತ್ತದೆ.

ಊರಿನಿಂದ ಚಟ್ನಿಪುಡಿ, ಸಾರಿನ ಪುಡಿ, ಗೊಜ್ಜವಲಕ್ಕಿ ಮಿಶ್ರಣ ಕಾರ್ಖಾನೆಯ ಮೊಹರಿರುವ ಪೊಟ್ಟಣದಲ್ಲಿ ತನ್ನಿ. ಹಸಿ ಕರಿಬೇವು, ಹಸಿ ಹಣ್ಣು, ತರಕಾರಿ ತರಬೇಡಿ, ಜಪಾನಿನ ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ನಮ್ಮ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಕೂಡ ಬೇಡ. ಅಲ್ಲಿ 100 ವೋಲ್ಟ್. ಶಕ್ತಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ 230 ವೋಲ್ಟಿನ 1,500 ವ್ಯಾಟ್ ಕೆಟಲ್ ಅಲ್ಲಿ 300 ವ್ಯಾಟ್ ಕೂಡ ಕೊಡುವುದಿಲ್ಲ. ಫೋನ್ ಚಾರ್ಜರಿಗೆ ತೊಂದರೆಯಿಲ್ಲ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಪಾತ್ರೆ ಬಿಸಿಯಾಗುವುದಿಲ್ಲ.

ಕಾರು, ಮತ್ತು ಹೊರಡುವ ದಿನ

ಇಶಿಗಾಕಿಯ ಉತ್ತರ ಭಾಗಕ್ಕೆ ಬಸ್ಸು ಕಡಿಮೆ, ಒಂದು ದಿನವಾದರೂ ಕಾರು ಬೇಕು. ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ. 1949ರ ಜಿನೀವಾ ಒಪ್ಪಂದದ ನಮೂನೆಯದೇ ಇರಬೇಕು. ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ. ಆರು ವರ್ಷದೊಳಗಿನ ಮಗುವಿಗೆ ಮಕ್ಕಳ ಆಸನ ಕಡ್ಡಾಯ, ಕಾರು ಗೊತ್ತುಮಾಡುವಾಗಲೇ ಹೇಳಿ. ನಮ್ಮಂತೆಯೇ ಎಡಬದಿಯ ಚಾಲನೆ. ಆದರೆ ಒಕಿನಾವಾ ಎಡಕ್ಕೆ ಬಂದದ್ದು 1978ರ ಜುಲೈ 30ರಂದು, ಅಮೆರಿಕದ ಆಡಳಿತಕಾಲದ ಬಲಬದಿ ನಿಯಮ ಅವತ್ತು ಮುಗಿಯಿತು. ಇಶಿಗಾಕಿ ಪೇಟೆಯ "730" ಅಡ್ಡರಸ್ತೆ ಆ ದಿನದ ನೆನಪು. ಸಣ್ಣ ಮಳೆಗೂ ಡಾಂಬರು ನುಣ್ಣಗಾಗುತ್ತದೆ, ಬ್ರೇಕ್ ಬೇಗನೇ ಒತ್ತಿ.

ಹೊರಡುವ ದಿನ ಚೀಲ ನೋಡಿಕೊಳ್ಳಿ. ಹಸಿ ನೇರಳೆ ಗೆಣಸು ಮತ್ತು ನಿಂಬೆ ಜಾತಿಯ ಸಸಿಗಳನ್ನು ಒಕಿನಾವಾದಿಂದ ಜಪಾನಿನ ಮುಖ್ಯ ದ್ವೀಪಗಳಿಗೆ ಒಯ್ಯುವಂತಿಲ್ಲ, ಗೆಣಸಿನ ಮೂತಿಹುಳು ಮತ್ತು ನಿಂಬೆಯ ಹಸಿರುರೋಗ ಹರಡದಿರಲೆಂದು. ಬೇಯಿಸಿದ ಗೆಣಸು, ಅದರ ತಿಂಡಿ, ಬೆಲ್ಲ, ಮಾವು, ಅನಾನಸ್ ಒಯ್ಯಲು ಅಡ್ಡಿಯಿಲ್ಲ. ಟೋಕಿಯೋದಿಂದ ಮುಂದೆ ಬೆಂಗಳೂರಿಗೆ ಹಸಿ ಹಣ್ಣು ಒಯ್ಯಲಾಗದು. ಮಾವು, ಅನಾನಸನ್ನು ಟೋಕಿಯೋದ ಆ ಒಂದು ರಾತ್ರಿಗೇ ತಿಂದು ಮುಗಿಸಿ.